ಮೆಷಿನ್ ಟ್ಯೂನು

ಜನವರಿ 17

ಅತ್ತಿಗೆಯವರಿಗೆ,

ಕ್ಷೇಮ ಕೇಳಿ ಪತ್ರ ಶುರು ಮಾಡುವುದು ಪದ್ಧತಿ. ನನಗೆ ಈಗ ಆ ತಾಳ್ಮೆ ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ, ಹೋದ ಸಲ ನಾವಿಬ್ಬರೂ ಕಿರುಚಾಡಿದ್ದಕ್ಕೆ ನಮ್ಮ ಲ್ಯಾಬಿನ ಎದುರಿನ ಔಷಧಿ ಅಂಗಡಿಯವರು ಎದ್ದು ಹೊರಗೆ ಬಂದಿದ್ದರು. ಬರವಣಿಗೆಯಲ್ಲಾದರೆ ಒಬ್ಬರು ಹೇಳಿ ಮುಗಿಸುವವರೆಗೆ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ.

ಅಣ್ಣನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಪೋಸ್ಟ್‌ಮ್ಯಾನ್ ಹೋದ ವಾರ ಇಡೀ ದಿನ ರೈಲಿನಲ್ಲಿ ಕೂತು ನಮ್ಮ ಲ್ಯಾಬಿಗೆ ಬಂದಿದ್ದರು, ಹಲ್ಲಿನ ಸೆಟ್ಟು ಮಾಡಿಸಿಕೊಳ್ಳಲು. ಗುರುತಿನವಳು ಮಾಡಿದರೆ ಸರಿಯಾಗಿ ಕೂರುತ್ತದೆ ಎಂದು ಅವರ ನಂಬಿಕೆ. ಅಳತೆಯ ಅಚ್ಚು ಬಾಯೊಳಗೆ ಇದ್ದಷ್ಟು ಹೊತ್ತು ಸುಮ್ಮನಿದ್ದರು. ಅದು ಹೊರಗೆ ಬಂದದ್ದೇ ಸುದ್ದಿಯೂ ಹೊರಗೆ ಬಂತು. ನೀವು ಅಣ್ಣನ ಕ್ಲಾರಿನೆಟ್ ಹಿಡಿದು ಬ್ಯಾಂಡಿಗೆ ಸೇರಿದ್ದೀರಂತೆ. ಮಾರ್ಚ್ 30ಕ್ಕೆ ಬ್ಯಾಂಡಿಗೆ ಮೂವತ್ತು ವರ್ಷ ತುಂಬುತ್ತದಂತೆ. ಅವತ್ತು ಅಣ್ಣನ ನೆನಪಿಗೆ ಮೆಷಿನ್ ಟ್ಯೂನನ್ನು ನೀವೇ ಊದುತ್ತೀರಂತೆ.

ಅಣ್ಣ ಹೋಗಿ ಇನ್ನೂ ಎಂಟು ತಿಂಗಳು. ಅವನು ಇದ್ದಾಗ ನೀವು ಒಂದು ದಿನವೂ ಆ ವಾದ್ಯ ಮುಟ್ಟಿದವರಲ್ಲ. ಮಕ್ಕಳು ಪೀಪಿ ಊದಿದ ಹಾಗೆ ಊದಿ, ಜನ ಪಾಪ ಎಂದು ಚಪ್ಪಾಳೆ ತಟ್ಟಿದರೆ ಅದನ್ನು ನೆನಪು ಎನ್ನುತ್ತಾರೆಯೇ? ಬೇರೆ ಏನನ್ನಾದರೂ ನುಡಿಸಿಕೊಳ್ಳಿ. ಆ ಟ್ಯೂನು ಬೇಡ. ಇದು ಕೋರಿಕೆ ಅಲ್ಲ.

ನಿಮ್ಮ ನಾದಿನಿ

*

ಜನವರಿ 26

ನಾದಿನಿಗೆ,

ನಿನ್ನ ಪತ್ರ ಬಂದಾಗ ಅಂಗಡಿಯಲ್ಲಿ ನರ್ಸಮ್ಮನ ಯೂನಿಫಾರಂ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಓದಿದ ಮೇಲೆ ತೋಳನ್ನು ತಿರುವುಮುರುವು ಹೊಲಿದಿದ್ದೆ. ನಿನ್ನ ಬರಹಕ್ಕೆ ಅಷ್ಟು ಶಕ್ತಿ ಇದೆ, ಸಂತೋಷ ಪಡು.

ಕ್ಲಾರಿನೆಟ್ ಏಕೆ ಹಿಡಿದೆ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ನಿಮ್ಮಣ್ಣ ಹೋದ ತಿಂಗಳಲ್ಲೇ ಆ ಪೋಸ್ಟ್‌ಮ್ಯಾನ್ ಬಂದು, "ಅಕ್ಕಾ, ಪೆಟ್ಟಿಗೇಲಿ ಹಾಗೇ ಬಿಟ್ರೆ ಮರ ಒಣಗಿ ಸೀಳುತ್ತೆ, ದಿನಾ ಯಾರಾದ್ರೂ ಊದ್ತಾ ಇರಬೇಕು," ಅಂದರು. ಯಾರು ಊದಬೇಕಿತ್ತು? ನಿನ್ನನ್ನು ಕರೆಯಬೇಕಿತ್ತೇ? ಅಣ್ಣನನ್ನು ಮಣ್ಣು ಮಾಡಿದ ದಿನ ಸಂಜೆಯ ರೈಲಿಗೇ ಹತ್ತಿದವಳು ನೀನು. ಮೊದಲ ಎರಡು ವಾರ ನನ್ನ ಬಾಯಿಂದ ಬರೀ ಗಾಳಿ ಬಂತು. ಮೂರನೇ ವಾರ ಬಾತುಕೋಳಿ ಕೂಗಿದ ಹಾಗೆ ಒಂದು ಸದ್ದು ಬಂತು. ಅವತ್ತು ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತೆ. ನಲವತ್ತೆಂಟು ವರ್ಷದ ಹೆಂಗಸು, ತುಟಿ ಒಡೆದುಕೊಂಡು, ಬೆರಳು ಎಲ್ಲಿಡಬೇಕೆಂದು ತಿಳಿಯದೆ. ಈಗ ಭಾನುವಾರ ಬೆಳಿಗ್ಗೆ ಲೈಬ್ರರಿಯ ಮಹಡಿ ಹಾಲಿನಲ್ಲಿ ಹನ್ನೊಂದು ಜನರ ಜೊತೆ ಕೂತು ಊದುತ್ತೇನೆ. ಯಾರೂ ಪಾಪ ಅನ್ನುವುದಿಲ್ಲ. ತಪ್ಪಿದರೆ ಬ್ಯಾಂಡಿನ ಯಜಮಾನರು, ನಾವೆಲ್ಲ ಹೆಡ್ ಕ್ಲರ್ಕ್ ಅನ್ನುವವರು, ಪೆನ್ಸಿಲಿನಿಂದ ಸ್ಟ್ಯಾಂಡಿಗೆ ಕುಟ್ಟಿ ಬೈಯುತ್ತಾರೆ.

ಇನ್ನು ಆ ಟ್ಯೂನಿನ ಮಾತು. ಅದು ಬೇಡ ಎನ್ನಲು ನೀನು ಯಾರು? ಅದು ನನ್ನದು. ಹೊಲಿಗೆ ಮೆಷಿನ್ ರಿಪೇರಿ ಮಾಡುವ ಹುಡುಗ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ನನ್ನ ಹಳೇ ಮೆಷಿನ್ ಒಂದು ಹಲ್ಲು ಸವೆದು ಕುಂಟುತ್ತಿತ್ತು. ಮೂರು ಸಲ ಬಂದರೂ ಪೂರ್ತಿ ರಿಪೇರಿ ಮಾಡಲಿಲ್ಲ. ನಾಲ್ಕನೇ ಸಲ ಕ್ಲಾರಿನೆಟ್ ತಂದು ಬಾಗಿಲಲ್ಲಿ ನಿಂತು ಊದಿದ. "ನಿಮ್ಮ ಮೆಷಿನ್ ಕುಂಟೋ ಸದ್ದನ್ನೇ ಟ್ಯೂನ್ ಮಾಡಿದೀನಿ," ಅಂದ. ಆ ಮಾತಿಗೆ ಬಿದ್ದೇ ನಾನು ನಿಮ್ಮ ಮನೆ ಸೊಸೆಯಾದದ್ದು. ಆ ಟ್ಯೂನನ್ನು ನಾನಲ್ಲದೆ ಇನ್ಯಾರು ಊದಬೇಕು?

ನಿನ್ನ ಅತ್ತಿಗೆ

*

ಫೆಬ್ರವರಿ 3

ಅತ್ತಿಗೆಯವರಿಗೆ,

ಮೆಷಿನ್ ಕುಂಟಿದ ಕಥೆಯನ್ನು ನಿಮ್ಮ ಮದುವೆಯಿಂದ ಇಲ್ಲಿಯವರೆಗೆ ನೂರು ಸಲ ಕೇಳಿದ್ದೇನೆ. ಪ್ರತಿ ಸಲವೂ ಎದ್ದು ಅಡುಗೆಮನೆಗೆ ಹೋಗಿದ್ದೇನೆ. ನೀವು ಗಮನಿಸಿರಲಿಕ್ಕಿಲ್ಲ.

ಸಂಜೆಯ ರೈಲಿಗೆ ಏಕೆ ಹೋದೆ ಎಂದರೆ, ಅವತ್ತು ನಿಮ್ಮ ಬ್ಯಾಂಡಿನವರು ಅಂಗಳದಲ್ಲಿ ನಿಂತು ಅದೇ ಟ್ಯೂನು ನುಡಿಸಿದರು. ನನಗೆ ನಿಲ್ಲಲು ಆಗಲಿಲ್ಲ. ಅಷ್ಟು ಸಾಕು.

ನಿಮ್ಮದು ಎನ್ನುತ್ತೀರಲ್ಲ, ಅದು ಹೇಗಿದೆ ಎಂದಾದರೂ ಗೊತ್ತೇ? ಪ್ರತಿ ಸಾಲಿನ ಕೊನೆಗೆ ನಿಮ್ಮ ಬ್ಯಾಂಡು ಎಂಟು ಎಣಿಸುತ್ತದೆ. ಅಲ್ಲಿರುವುದು ಏಳು. ಏಳಕ್ಕೆ ನಿಂತು ತಕ್ಷಣ ಮುಂದಿನ ಸಾಲಿಗೆ ಬೀಳಬೇಕು, ಆಗಲೇ ಅದಕ್ಕೆ ಜೀವ. ಎಂಟನೆಯದನ್ನು ಸೇರಿಸಿ ಮೂವತ್ತು ವರ್ಷದಿಂದ ಅದನ್ನು ಶಾಲೆ ಮಕ್ಕಳ ಕವಾಯತು ಮಾಡಿದ್ದೀರಿ. ಮೊದಲು ಎಣಿಸುವುದನ್ನು ಕಲಿಯಿರಿ, ಆಮೇಲೆ ನನ್ನದು ನಿನ್ನದು ಮಾತಾಡೋಣ.

ನಾದಿನಿ

*

ಫೆಬ್ರವರಿ 11

ನಾದಿನಿಗೆ,

ನಿನ್ನ ಪತ್ರ ಓದಿ ಮೊದಲು ನಕ್ಕೆ. ಕ್ಲಾರಿನೆಟ್ ಊದಲೂ ಬಾರದವಳು ಏಳು ಎಂಟು ಎಂದು ಪಾಠ ಹೇಳುತ್ತಾಳಲ್ಲ ಎಂದು. ನಿನ್ನ ಸೊಕ್ಕು ಮುರಿಯೋಣವೆಂದು ನಿಮ್ಮಣ್ಣನ ಟ್ಯೂನಿನ ಪುಸ್ತಕ ಹುಡುಕಿದೆ. ಬ್ಯಾಂಡಿನಲ್ಲಿ ಎಲ್ಲರೂ ನೋಡುವುದು ಹೆಡ್ ಕ್ಲರ್ಕ್ ಬರೆದ ಪ್ರತಿ. ಮೂಲ ಪುಸ್ತಕ ನಿಮ್ಮಣ್ಣನ ಸ್ಪ್ಯಾನರ್ ಪೆಟ್ಟಿಗೆಯ ತಳದಲ್ಲಿ, ಎಣ್ಣೆ ಬಟ್ಟೆಯ ಕೆಳಗಿತ್ತು.

ಪೆನ್ಸಿಲಿನಲ್ಲಿ ಬರೆದಿದೆ. ಪ್ರತಿ ಸ್ವರದ ಕೆಳಗೆ ಒಂದು, ಎರಡು, ಮೂರು ಎಂದು ಅಂಕಿ. ಎಲ್ಲ ಸಾಲೂ ಏಳಕ್ಕೇ ನಿಂತಿವೆ. ಆ ಏಳರ ನಡುವೆ ಒಂದು ಅಡ್ಡಗೀಟು.

ನಿಮ್ಮಣ್ಣ ಏಳಕ್ಕೆ ಗೀಟು ಎಳೆಯುತ್ತಿರಲಿಲ್ಲ. ಅವರ ರಿಪೇರಿ ಚೀಟಿಗಳು ನನ್ನ ಹತ್ತಿರ ಕಟ್ಟುಗಟ್ಟಲೆ ಇವೆ, ನೋಡಿದೆ. ಆಮೇಲೆ ನಿನ್ನ ಮೊದಲ ಪತ್ರದ ತಾರೀಕು ನೋಡಿದೆ. ಜನವರಿ 17. ಅದೇ ಏಳು, ಅದೇ ಗೀಟು.

ಪುಟದ ಮೇಲೆ ಬರೆದ ತಾರೀಕು, ಇವರು ನನ್ನ ಅಂಗಡಿಯ ಹೊಸ್ತಿಲು ತುಳಿಯುವುದಕ್ಕೆ ಎರಡು ವರ್ಷ ಹಿಂದಿನದು.

ನೀನು ಅಣ್ಣನಿಗೆ ಪ್ರತಿ ಬರೆದುಕೊಟ್ಟಿದ್ದೆಯಾ? ಹೌದೋ ಅಲ್ಲವೋ, ಕಡ್ಡಿ ಮುರಿದ ಹಾಗೆ ಬರಿ.

ಅತ್ತಿಗೆ

*

ಫೆಬ್ರವರಿ 17

ಅತ್ತಿಗೆಯವರಿಗೆ,

ಅಲ್ಲ.

ಪ್ರತಿ ಮಾಡಲಿಲ್ಲ. ನಾನೇ ಕಟ್ಟಿದ್ದು. ಹದಿನಾರನೇ ವಯಸ್ಸಿನಲ್ಲಿ ಜ್ವರ ಹಿಡಿದು ಎರಡು ತಿಂಗಳು ಮಲಗಿದ್ದೆ. ನಮ್ಮ ಹಳೇ ಮನೆಯ ಗೋಡೆಗೆ ಅಂಟಿಕೊಂಡೇ ಒಂದು ಅಚ್ಚುಕೂಟ. ಕಾಲಿನಿಂದ ತುಳಿಯುವ ಟ್ರೆಡಲ್ ಮೆಷಿನ್ ಬೆಳಿಗ್ಗೆ ಶುರುವಾದರೆ ಸಂಜೆಯವರೆಗೆ. ಅದರ ಸದ್ದು ಏಳಕ್ಕೆ ನಿಂತು, ಉಸಿರು ಬಿಡದೆ ಮತ್ತೆ ಒಂದರಿಂದ. ಜ್ವರದಲ್ಲಿ ಎಣಿಸಿ ಎಣಿಸಿ ತಲೆ ಚಿಟ್ಟು ಹಿಡಿದು, ಆ ಸದ್ದಿನ ಮೇಲೆ ಸ್ವರ ಕೂರಿಸಿದೆ. ಆಗ ಕ್ಲಾರಿನೆಟ್ ಊದುತ್ತಿದ್ದವಳು ನಾನು. ಅಪ್ಪ ನಮ್ಮಿಬ್ಬರಿಗೂ ಸೇರಿಸಿ ತಂದುಕೊಟ್ಟಿದ್ದರು. ಅಣ್ಣ ನನ್ನಿಂದ ಕಲಿತ. ನಿಮಗೆ ಇದನ್ನೂ ಯಾರೂ ಹೇಳಿಲ್ಲ, ಅಲ್ಲವೇ?

ಬ್ಯಾಂಡು ಕಟ್ಟಿದ ವರ್ಷ ಅಣ್ಣನನ್ನು ಸೇರಿಸಿಕೊಂಡರು. ನನ್ನನ್ನು ಸೇರಿಸಿಕೊಳ್ಳಲಿಲ್ಲ. ಮೊದಲ ಕಾರ್ಯಕ್ರಮದಲ್ಲಿ ನಾನು ಮೂರನೇ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದೆ. ಅಣ್ಣ ಎದ್ದು ನನ್ನ ಟ್ಯೂನು ನುಡಿಸಿದ. ಜನ ಎದ್ದು ನಿಂತರು. ಹೆಡ್ ಕ್ಲರ್ಕ್, ಆಗ ಅವರಿಗೆ ತಲೆ ತುಂಬ ಕೂದಲಿತ್ತು, "ಇದು ಇವರದೇ ಸ್ವಂತ ರಚನೆ," ಎಂದು ಅಣ್ಣನ ಬೆನ್ನು ತಟ್ಟಿದರು. ಅಣ್ಣ ನನ್ನ ಕಡೆ ಒಂದು ಸಲ ನೋಡಿದ. ಬಾಯಿ ತೆರೆಯುತ್ತಾನೆ ಎಂದುಕೊಂಡೆ. ಬಗ್ಗಿ ನಮಸ್ಕಾರ ಮಾಡಿ ಕೂತ.

ಮನೆಗೆ ಬಂದು ಕೇಳಿದೆ. "ಒಂದೇ ಮನೆಯವರು ತಾನೇ? ಯಾರು ಮಾಡಿದ್ರೆ ಏನೀಗ?" ಅಂದ. ಅಮ್ಮ, "ಅವನ ಮುಖಕ್ಕೆ ಎಲ್ಲರೆದುರು ಮಸಿ ಬಳೀಬೇಡ," ಅಂದಳು. ನಾನು ಬಳಿಯಲಿಲ್ಲ. ವಾದ್ಯ ಮುಟ್ಟುವುದನ್ನು ಬಿಟ್ಟೆ. ಹಲ್ಲು ಮಾಡುವ ಕೆಲಸ ಕಲಿಯಲು ಸಿಕ್ಕಷ್ಟು ದೂರದ ಊರು ಹಿಡಿದೆ.

ಈಗ ತಿಳಿಯಿತೇ, ನಿಮ್ಮ ಮೆಷಿನ್ ಕುಂಟಿದ ಕಥೆಗೆ ನಾನೇಕೆ ಎದ್ದು ಹೋಗುತ್ತಿದ್ದೆ ಎಂದು?

ನಾದಿನಿ

*

ಫೆಬ್ರವರಿ 22

ನಾದಿನಿಯವರಿಗೆ,

ಇನ್ನು ಮೇಲೆ ನಿಮಗೂ ಬಹುವಚನ. ಸಲಿಗೆ ಮುಗಿಯಿತು.

ಮೂವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವರು, ಎದುರುತ್ತರ ಕೊಡಬೇಕಾದವರು ಮಣ್ಣಿಗೆ ಹೋದ ಮೇಲೆ ಬೀಗ ತೆಗೆದಿರಿ. ಚೆನ್ನಾಗಿದೆ. ಅವರು ಇದ್ದಾಗ ಬಂದು ಜಗಳ ಮಾಡಿದ್ದರೆ ನಾನು ನಡುವೆ ನಿಂತು ಇಬ್ಬರ ಮುಖವನ್ನೂ ನೋಡಿ ಯಾರು ಸುಳ್ಳು ಎಂದು ತಿಳಿದುಕೊಳ್ಳುತ್ತಿದ್ದೆ. ಈಗ ನನಗೆ ಸಿಕ್ಕಿರುವುದು ಒಂದು ಅಂಕಿಯ ಗೀಟು.

ನೀವು ನನ್ನಿಂದ ಏನು ಕಿತ್ತುಕೊಂಡಿರಿ ಎಂದು ನಿಮಗೆ ಗೊತ್ತಿಲ್ಲ. ಅವರು ತಲೆನೋವಿನಲ್ಲಿ, ಸಿಟ್ಟಿನಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ ಒರಟಾಗಿ ಮಾತಾಡಿದಾಗಲೆಲ್ಲ ನಾನು ಆ ಬಾಗಿಲಲ್ಲಿ ನಿಂತ ಹುಡುಗನನ್ನು ನೆನೆದು ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಅದೂ ಇನ್ನೊಬ್ಬರಿಂದ ಎತ್ತಿ ತಂದ ಸಾಮಾನು ಎನ್ನುತ್ತೀರಿ.

ನಾನು ನಂಬುವುದಿಲ್ಲ. ಇನ್ನು ಪತ್ರ ಬರೆಯಬೇಡಿ.

ಇಂತಿ, ನಿಮ್ಮ ಅಣ್ಣನ ಹೆಂಡತಿ

*

ಮಾರ್ಚ್ 7

ಅತ್ತಿಗೆಯವರಿಗೆ,

ಬರೆಯಬೇಡಿ ಅಂದಿರಿ. ಇದೊಂದು ಬರೆದು ನಿಲ್ಲಿಸುತ್ತೇನೆ.

ನಾನು ಬರೆದದ್ದು ಸುಳ್ಳಲ್ಲ, ಆದರೆ ಬರೆದದ್ದೇ ತಪ್ಪಾಯಿತು. ನೀವು ಟ್ಯೂನು ನುಡಿಸಿಕೊಳ್ಳಿ. ಅಣ್ಣನ ಹೆಸರಲ್ಲೇ ಇರಲಿ. ಎಂಟೇ ಎಣಿಸಿ. ಇಷ್ಟು ವರ್ಷ ಇದ್ದದ್ದು ಇನ್ನೂ ಇದ್ದರೆ ನನ್ನದೇನೂ ಮುಳುಗುವುದಿಲ್ಲ.

ಆ ಪುಸ್ತಕವನ್ನು ಒಲೆಗೆ ಹಾಕಿ.

ನಾದಿನಿ

*

ಮಾರ್ಚ್ 31

ನಾದಿನಿಗೆ,

ಇದನ್ನು ಓದಿ ನನಗೆ ಕೃತಜ್ಞತೆ ಹೇಳಬೇಡ. ಮೊದಲೇ ಹೇಳಿದ್ದೇನೆ. ನಿನಗೋಸ್ಕರ ಏನೂ ಮಾಡಿಲ್ಲ.

ನಿನ್ನ ಪತ್ರ ಬಂದ ಮಾರನೇ ದಿನ ಅಂಗಡಿ ಮುಚ್ಚಿ ನಿಮ್ಮ ಹಳೇ ಮನೆಯ ಬೀದಿಗೆ ಹೋದೆ. ಮನೆ ಕೆಡವಿ ಸೈಕಲ್ ಅಂಗಡಿ ಮಾಡಿದ್ದಾರೆ. ಅಚ್ಚುಕೂಟ ಇದೆ. ಈಗ ಎಲ್ಲ ಕಂಪ್ಯೂಟರು. ಆದರೆ ಟ್ರೆಡಲ್ ಮೆಷಿನ್ ಮೂಲೆಯಲ್ಲಿ ಕಾಗದದ ಕಟ್ಟು ಹೊತ್ತುಕೊಂಡು ನಿಂತಿತ್ತು. ಅಚ್ಚುಕೂಟದ ಮುದುಕರಿಗೆ, "ಇದನ್ನ ಒಂದ್ಸಲ ತುಳೀತೀರಾ?" ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾಕಮ್ಮ, ಏನು ಅಚ್ಚು ಹಾಕಿಸ್ಬೇಕು?" "ಏನೂ ಇಲ್ಲ, ಸದ್ದು ಕೇಳ್ಬೇಕು," ಅಂದೆ. ಕಟ್ಟುಗಳನ್ನು ಇಳಿಸಿ, ಎಣ್ಣೆ ಬಿಟ್ಟು, ಮಂಡಿ ನೋವು ಎಂದು ಗೊಣಗುತ್ತಾ ತುಳಿದರು. ನಾನು ಗೋಡೆಗೆ ಕಿವಿ ಕೊಟ್ಟು ನಿಂತೆ. ಏಳು. ಮತ್ತೆ ಒಂದರಿಂದ. ಇಪ್ಪತ್ತು ಸಲ ಎಣಿಸಿದೆ. ಎಂಟು ಬರಲಿಲ್ಲ. ಹೊಲಿಗೆ ಮೆಷಿನ್ ಎಷ್ಟು ಕುಂಟಿದರೂ ಹಾಗೆ ಎಣಿಸಿ ನಿಲ್ಲುವುದಿಲ್ಲ. ಅದು ನನಗೆ ಮೊದಲೇ ಗೊತ್ತಿರಬೇಕಿತ್ತು, ಮೂವತ್ತು ವರ್ಷ ಅದರ ಮುಂದೆ ಕೂತವಳು.

ಆ ಮುದುಕರು ಬೆವರು ಒರೆಸಿಕೊಂಡು, "ಪಕ್ಕದ ಮನೇಲಿ ಒಂದು ಹುಡುಗಿ ಇದ್ಲು. ನಾನು ಇದನ್ನ ಶುರು ಮಾಡಿದ್ರೆ ಅವಳು ಗೋಡೆ ಆಚೆಯಿಂದ ಪೀಪಿ ಶುರು ಮಾಡೋಳು. ಜ್ವರದವಳು ಪಾಪ. ಇದೇಯ ನೀವು ಕೇಳೋಕೆ ಬಂದಿದ್ದು?" ಅಂದರು. ನಾನು ಹೌದು ಅಂದೆ.

ವಾಪಸ್ ಬರುವಾಗ ನಿಮ್ಮಣ್ಣನ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಳಿಸಲಿ? ಅವರ ಫೋಟೋವನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ನಾಚಿಕೆಯಾಗಿ ಸರಿ ಮಾಡಿದೆ. ಮತ್ತೆ ತಿರುಗಿಸಿದೆ.

ನಿನ್ನೆ ಕಾರ್ಯಕ್ರಮಕ್ಕೆ ಮಹಡಿ ಹಾಲಿನಲ್ಲಿ ನೂರೈವತ್ತು ಜನ ತುಂಬಿದ್ದರು. ಕೊನೆಯದು ನಮ್ಮ ಟ್ಯೂನು. ಕಾರ್ಯಕ್ರಮದ ಪಟ್ಟಿಯಲ್ಲಿ ರಚನೆ ಎಂದು ಇವರ ಹೆಸರು ಅಚ್ಚಾಗಿತ್ತು. ಹೆಡ್ ಕ್ಲರ್ಕ್ ಕೈ ಎತ್ತಿದರು. ನಾನು ವಾದ್ಯ ಕೈಯಲ್ಲಿ ಹಿಡಿದೇ ಎದ್ದು ನಿಂತೆ. "ಇದು ನನ್ನ ಗಂಡ ಮಾಡಿದ್ದಲ್ಲ. ಅವರ ತಂಗಿ ಹದಿನಾರು ವರ್ಷದವಳಿದ್ದಾಗ ಮಾಡಿದ್ದು. ಅವರು ಹೇಳಲಿಲ್ಲ. ನಾನು ಹೇಳ್ತಿದೀನಿ," ಅಂದೆ. ಇಷ್ಟೇ. ಆಮೇಲೆ ಕೂತು, ಹೆಡ್ ಕ್ಲರ್ಕ್ ಮತ್ತೆ ಕೈ ಎತ್ತದಿದ್ದರೂ ಏಳು ಎಣಿಸಿ ಶುರು ಮಾಡಿದೆ. ಪೋಸ್ಟ್‌ಮ್ಯಾನ್ ಒಬ್ಬರೇ ನನ್ನ ಜೊತೆ ಬಂದರು. ಎರಡನೇ ಸಾಲಿಗೆ ಬ್ಯಾಂಡಿನಲ್ಲಿ ಫ್ಲೂಟ್ ಊದುವ ಟೀಚರ್ ಸೇರಿದಳು. ಉಳಿದವರು ವಾದ್ಯ ಎತ್ತಲಿಲ್ಲ. ಮುಗಿದಾಗ ಚಪ್ಪಾಳೆ ಅಲ್ಲೊಂದು ಇಲ್ಲೊಂದು. ನಾನು ಎರಡು ಕಡೆ ತಪ್ಪಿದೆ, ಅದನ್ನೂ ಬರೆದಿದ್ದೇನೆ, ನೀನು ಹೇಗೂ ವಿಚಾರಿಸುತ್ತೀಯ.

ಮೆಟ್ಟಿಲಲ್ಲಿ ಟ್ರಂಪೆಟ್ ಊದುವ ಬೇಕರಿಯವರು ಅಡ್ಡ ನಿಂತರು. "ಗಂಡನ ಮಾನ ಇಷ್ಟು ಜನದ ಮುಂದೆ ತೆಗೆದ್ರಲ್ಲ, ನೀವು ಹೆಂಗಸೇನಮ್ಮ?" ಹೆಡ್ ಕ್ಲರ್ಕ್ ನನ್ನ ಮುಖ ನೋಡದೆ, "ಮುಂದಿನ ಭಾನುವಾರ ಬರಬೇಡಿ," ಅಂದರು. ಆ ಮೊದಲ ಕಾರ್ಯಕ್ರಮದಲ್ಲಿ ನಿಮ್ಮಣ್ಣನ ಬೆನ್ನು ತಟ್ಟಿದ್ದು ಅವರೇ ಅಲ್ಲವೇ, ನನ್ನ ಮಾತು ಅವರಿಗೂ ತಗುಲಿತು.

ನನಗೆ ಉಳಿದಿದ್ದು ಆ ಭಾನುವಾರದ ಎರಡು ಗಂಟೆ. ಅದನ್ನೂ ಕಳೆದುಕೊಂಡೆ. ನಿನಗೆ ಬೇಕಾಗಿದ್ದು ಸಿಕ್ಕಿತು. ಅನುಭವಿಸು.

ಅತ್ತಿಗೆ

*

ಏಪ್ರಿಲ್ 17

ಅತ್ತಿಗೆಯವರಿಗೆ,

ನನಗೆ ಬೇಕಾಗಿದ್ದು ಇದಲ್ಲ. ಅಣ್ಣನ ಬಾಯಿಂದ ಕೇಳಬೇಕಿತ್ತು. ನಿಮ್ಮ ಬಾಯಿಂದ ಅಲ್ಲ. ನನ್ನನ್ನು ಒಂದು ಮಾತು ಕೇಳದೆ ನೂರೈವತ್ತು ಜನರ ಮುಂದೆ ನನ್ನ ವಿಷಯ ಎತ್ತಿದಿರಿ. ಅಣ್ಣ ಕೇಳದೆ ಬಚ್ಚಿಟ್ಟ, ನೀವು ಕೇಳದೆ ಬಿಚ್ಚಿಟ್ಟಿರಿ. ನಿಮ್ಮ ಪತ್ರ ಓದಿದ ದಿನ ಮೇಲಿನ ದವಡೆಗೆ ಕೆಳಗಿನ ಹಲ್ಲು ಜೋಡಿಸಿ ಕಳಿಸಿದ್ದೇನೆ. ಡಾಕ್ಟರು ಫೋನ್ ಮಾಡಿ, "ಮೇಡಂ, ಆರಾಮಿದೀರಾ?" ಎಂದು ಕೇಳಿದರು.

ಎರಡು ವಾರ ಸಿಟ್ಟಿನಲ್ಲೇ ಇದ್ದೆ. ಈಗಲೂ ಇದ್ದೇನೆ.

ಆದರೂ ಆ ಮುದುಕರಿಗೆ ನಾನು ನೆನಪಿದ್ದೇನೆ ಎಂದು ಬರೆದಿರಿ. ನಾನು ಊದಿದ್ದನ್ನು ಕೇಳಿದವರು ಭೂಮಿಯ ಮೇಲೆ ಇನ್ನೂ ಒಬ್ಬರಿದ್ದಾರೆ ಎಂದು ನನಗೆ ತಿಳಿದಿರಲಿಲ್ಲ. ಆ ಸಾಲನ್ನು ಊಟದ ವಿರಾಮದಲ್ಲಿ ಪದೇ ಪದೇ ಓದಿದೆ.

ಹೆಡ್ ಕ್ಲರ್ಕಿಗೆ ನಾನೇ ಪತ್ರ ಹಾಕಿದ್ದೇನೆ. ಬೈದಿಲ್ಲ. ನಡೆದದ್ದು ನಡೆದ ಹಾಗೆ ಬರೆದಿದ್ದೇನೆ. ನಂಬುವುದು ಬಿಡುವುದು ಅವರ ಪಾಡು.

ಇದರ ಜೊತೆ ಒಂದು ಹಾಳೆ ಇದೆ. ಟ್ಯೂನಿಗೆ ಇನ್ನೊಂದು ಭಾಗವಿದೆ. ಬ್ಯಾಂಡಿನ ಆ ಮೊದಲ ಕಾರ್ಯಕ್ರಮದ ಮಾರನೇ ವಾರ ನನ್ನ ತಲೆಯಲ್ಲೇ ಕಟ್ಟಿದ್ದೆ. ಎಲ್ಲೂ ಬರೆಯಲಿಲ್ಲ, ಬರೆದರೆ ಅದೂ ಹೋಗುತ್ತದೆ ಎಂದು. ಅಣ್ಣನಿಗೂ ಗೊತ್ತಿರಲಿಲ್ಲ. ಮೊನ್ನೆ ಮೊದಲ ಸಲ ಕಾಗದಕ್ಕೆ ಇಳಿಸಿದೆ. ನಿಮಗೆ ಕೊಡಬೇಕೆಂದು ಕೊಡುತ್ತಿಲ್ಲ. ನನ್ನ ಬಳಿ ವಾದ್ಯವಿಲ್ಲ, ಹೇಗೆ ಕೇಳುತ್ತದೆ ಎಂದು ನೋಡಬೇಕು, ಅಷ್ಟೇ. ನಿಮ್ಮ ಈಗಿನ ತುಟಿಗೆ ಇದು ಆಗುವುದಿಲ್ಲ. ಕೆಳಗಿನ ಸ್ವರಗಳು ಗಟ್ಟಿಯಾಗಿ ನಿಲ್ಲುವವರೆಗೆ ಮುಟ್ಟಬೇಡಿ.

ನಾದಿನಿ

*

ಏಪ್ರಿಲ್ 29

ನಾದಿನಿಗೆ,

ಮುಟ್ಟಬೇಡಿ ಅಂದರೆ ಮುಟ್ಟದೆ ಇರುವ ಜಾತಿ ನಾನಲ್ಲ. ಅವತ್ತೇ ಮುಟ್ಟಿದೆ.

ಹೆಡ್ ಕ್ಲರ್ಕಿನಿಂದ ಸದ್ದಿಲ್ಲ. ನಿನ್ನ ಪತ್ರ ತಲುಪಿದ್ದು ನಿಜ, ಕೊಟ್ಟವರು ನಮ್ಮ ಪೋಸ್ಟ್‌ಮ್ಯಾನೇ. "ಬಾಗಿಲಲ್ಲೇ ನಿಂತು ಓದಿದ್ರು, ಮತ್ತೆ ಮೊದಲಿಂದ ಓದಿದ್ರು, ಬಾಗಿಲು ಹಾಕ್ಕೊಂಡ್ರು," ಅಂದರು. ಬೇಕರಿಯವರು ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ. ನಾನೂ ಬ್ರೆಡ್ಡು ಬೇರೆ ಕಡೆ ತರುತ್ತೇನೆ.

ಹೋದ ಭಾನುವಾರ ಪೋಸ್ಟ್‌ಮ್ಯಾನ್ ಡ್ರಮ್ ಹೊತ್ತುಕೊಂಡು ಅಂಗಡಿಗೇ ಬಂದರು, ನೀನು ಮಾಡಿದ ಹಲ್ಲು ತೋರಿಸಿಕೊಂಡು. ಹಿಂದೆಯೇ ಫ್ಲೂಟಿನ ಟೀಚರ್. ಕತ್ತರಿಸಿಟ್ಟ ಪ್ಯಾಂಟಿನ ಬಟ್ಟೆ ಸರಿಸಿ ಮೂವರೂ ನಿಂತೇ ನುಡಿಸಿದೆವು. ಯಾರೂ ನಿಮ್ಮಣ್ಣನ ಮಾತು ಎತ್ತಲಿಲ್ಲ. ಅವರ ಫೋಟೋ ಇನ್ನೂ ಗೋಡೆಯ ಕಡೆಗೇ ಇದೆ. ಒಂದು ದಿನ ತಿರುಗಿಸುತ್ತೇನೆ, ಅದು ನನ್ನ ಅವರ ನಡುವಿನ ವಿಷಯ, ನೀನು ಮೂಗು ತೂರಿಸಬೇಡ.

ಮೊದಲ ಭಾಗ ಆಯಿತು. ನಿನ್ನ ಹಾಳೆಯದು ಎರಡನೇ ಸಾಲಿನವರೆಗೆ ಬಂತು. ಅದನ್ನು ಊದುತ್ತಿದ್ದಾಗ ಡ್ರಮ್ ತಾನಾಗಿ ನಿಂತಿತು. ನೋಡಿದರೆ ಪೋಸ್ಟ್‌ಮ್ಯಾನ್ ಕಡ್ಡಿ ಹಿಡಿದುಕೊಂಡು ಸುಮ್ಮನೆ ಕೇಳುತ್ತಿದ್ದರು. ಚೆನ್ನಾಗಿದೆ ಎಂದು ನಾನು ಬರೆಯುವುದಿಲ್ಲ. ಬರೆದರೆ ನೀನು ತಲೆಯ ಮೇಲೆ ಕೂರುತ್ತೀಯ.

ಮೂರನೇ ಸಾಲಿನಲ್ಲಿ ನನ್ನ ಉಸಿರು ಕಟ್ಟುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ನೀನು ಗುರುತೇ ಹಾಕಿಲ್ಲ. ಹಾಕಿ ಕಳಿಸು. ಕಾಗದದಲ್ಲಿ ಹೇಳಲು ಬರದಿದ್ದರೆ ಬಂದು ಊದಿ ತೋರಿಸು.

ನಿನ್ನ ಅತ್ತಿಗೆ